ಐದು ಹೊಲದ ಭಜ್ಜಿ

ಬಸವಕಲ್ಯಾಣ
12 ಆಗಸ್ಟ್ 2024

ಮಾನ್ಯ ರತ್ನಮಾಲಾ ಅವರಿಗೆ,

ಶರಣು. ನಾನು ಗುರುಲಿಂಗ, ಇಲ್ಲಿ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವು ನನ್ನನ್ನು ಬಲ್ಲವರಲ್ಲ. ನಾನು ಮಾತ್ರ ನಿಮ್ಮನ್ನು ಪ್ರತಿ ಶನಿವಾರ ಸಂಜೆ ಟಿವಿಯಲ್ಲಿ ನೋಡುತ್ತೇನೆ, ಏಕೆಂದರೆ ರಿಮೋಟು ನನ್ನ ಹೆಂಡತಿ ಸಂಗಮ್ಮನ ಕೈಯಲ್ಲಿರುತ್ತದೆ.

ಮೊನ್ನೆ ನೀವು ತೊಗರಿಕಾಳು, ಕಡಲೆಕಾಳು, ಅವರೆ, ಮೆಂತ್ಯ ಸೊಪ್ಪು, ಗಜ್ಜರಿ, ಬದನೆ ಎಲ್ಲವನ್ನೂ ಹುಣಸೆ ನೀರು ಮತ್ತು ಕಡಲೆ ಹಿಟ್ಟಿನಲ್ಲಿ ಕುದಿಸಿದಿರಿ. (ಆಗಸ್ಟ್ ತಿಂಗಳಲ್ಲಿ ಹಸಿ ತೊಗರಿ ಎಲ್ಲಿಂದ ಬಂತೋ, ಅದು ಬೇರೆ ಮಾತು.) ಮೇಲೆ ಸಜ್ಜೆ ರೊಟ್ಟಿಯ ಚೂರು ಉದುರಿಸಿದಿರಿ. ದೊಡ್ಡ ಬಿಳಿ ತಟ್ಟೆಯ ನಡುವೆ ಒಂದು ಮುಷ್ಟಿಯಷ್ಟು ಇಟ್ಟು, ಸುತ್ತಲೂ ಎಣ್ಣೆಯ ಚುಕ್ಕೆ ಹಾಕಿ, ಕ್ಯಾಮೆರಾ ನೋಡಿ ಹೇಳಿದಿರಿ: "ಇದು ಐದು ಹೊಲದ ಭಜ್ಜಿ. ನನ್ನ ಸ್ವಂತ ಅಡುಗೆ. ಯಾರೂ ಕಲಿಸಿದ್ದಲ್ಲ."

ಸ್ವಂತ! ಎಳ್ಳ ಅಮಾವಾಸ್ಯೆಯ ದಿನ ನಮ್ಮ ಬೀದರ ಸೀಮೆಯಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ, ಭೂಮಿಗೆ ಎಡೆ ಹಿಡಿದು, ಹೊಲ ಇದ್ದವರು ಇಲ್ಲದವರನ್ನು ಕರೆದು ಉಣಿಸುವ ಭಜ್ಜಿ ಅದು. ಎಣ್ಣೆಯಲ್ಲಿ ಕರಿಯುವ ಬಜ್ಜಿಯಲ್ಲವೆಂದು ಬೆಂಗಳೂರಿನವರಿಗೆ ತಿಳಿಸಿ ಹೇಳಬೇಕು, ನಿಮಗೂ ಹೇಳಬೇಕೆ? ನೀವು ಈ ಕಡೆಯವರೇ ಎಂದು ಮಾತಿನಲ್ಲೇ ಗೊತ್ತಾಗುತ್ತದೆ.

ನಮ್ಮ ಓಣಿಗೆ ಮೊದಲ ಟಿವಿ ಬಂದದ್ದು ನನಗೆ ನೆನಪಿದೆ. ಆಗ ಅಡುಗೆ ತೋರಿಸುವ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು, ಇದನ್ನು ನಮ್ಮ ಅತ್ತೆಯವರಿಂದ ಕಲಿತೆ ಎಂದು ಮೊದಲೇ ಹೇಳುತ್ತಿದ್ದಳು. ಈಗಿನ ಬಾಣಸಿಗರಿಗೆ ಅತ್ತೆಯೂ ಇಲ್ಲ, ಅವ್ವನೂ ಇಲ್ಲ. ಒಬ್ಬ ಮಹಾಶಯ ಹೋದ ವರ್ಷ ಜೋಳದ ಅಂಬಲಿಗೆ ಎರಡು ಪುದೀನ ಎಲೆ ಹಾಕಿ, ನಾನು ಕಂಡುಹಿಡಿದ ಸೂಪು ಎಂದ. ಗ್ರಂಥಾಲಯದಲ್ಲಿ ಅಡುಗೆ ಪುಸ್ತಕಗಳಿಗೆ ಲೇಖಕರ ಹೆಸರು ಬರೆಯುವಾಗಲೆಲ್ಲ ನನ್ನ ಕೈ ಒಂದು ಕ್ಷಣ ತಡೆಯುತ್ತಿತ್ತು. ಉಪ್ಪಿಟ್ಟಿಗೆ ಯಾರು ಲೇಖಕರು?

ಆದರೂ ಸುಮ್ಮನಿರುತ್ತಿದ್ದೆ. ಆ ಸಜ್ಜೆ ರೊಟ್ಟಿಯ ಚೂರು ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಭಜ್ಜಿಯಲ್ಲಿ ರೊಟ್ಟಿಯ ಚೂರು ಸಿಗುತ್ತಿದ್ದುದು ಲೋಕದಲ್ಲಿ ಒಂದೇ ಕಡೆ, ಕೊಹಿನೂರಿನ ನಮ್ಮ ಮನೆಯಲ್ಲಿ, ನಮ್ಮ ತಾಯಿ ನೀಲಮ್ಮನ ಕೈಯಲ್ಲಿ. ಬೇರೆ ಯಾವ ಮನೆಯಲ್ಲೂ ನಾನು ಅದನ್ನು ಕಂಡಿಲ್ಲ. ಅದು ನಿಮಗೆ ಎಲ್ಲಿ ಸಿಕ್ಕಿತು? ಹೆಸರು ಬೇರೆ, ಐದು ಹೊಲದ ಭಜ್ಜಿ! ನಿಮಗೆ ಐದು ಹೊಲ ಇರಬಹುದು. ಅದನ್ನು ಊಟದ ತಟ್ಟೆಯಲ್ಲಿ ಸಾರುವುದು ಒಳ್ಳೆಯ ಅಭಿರುಚಿಯಲ್ಲ.

ಈ ಪತ್ರದ ಪ್ರತಿಯನ್ನು ನಿಮ್ಮ ಚಾನೆಲ್ಲಿನ ಮುಖ್ಯಸ್ಥರಿಗೂ ಕಳಿಸಿದ್ದೇನೆ. ಉತ್ತರವನ್ನು ಬರೆದೇ ಕಳಿಸಬೇಕು. ಫೋನಿನಲ್ಲಿ ನನಗೆ ಮಾತು ಕೇಳಿಸುವುದಿಲ್ಲ.

ಶರಣಾರ್ಥಿಗಳೊಂದಿಗೆ,
ಗುರುಲಿಂಗ


ಹುಮನಾಬಾದ
2 ಸೆಪ್ಟೆಂಬರ್ 2024

ಗುರುಲಿಂಗ ಅವರಿಗೆ,

ನಿಮ್ಮ ಪತ್ರ ತಲುಪಿತು. ಪ್ರತಿಯೂ ತಲುಪಿತು. ಅದರ ಪರಿಣಾಮ ತಿಳಿಸುತ್ತೇನೆ: ಆ ಕಂತಿನ ಮರುಪ್ರಸಾರವನ್ನು ಚಾನೆಲ್ಲಿನವರು ತಡೆದಿದ್ದಾರೆ. ವರ್ಷದ ಕೊನೆಯ ವಿಶೇಷ ಕಾರ್ಯಕ್ರಮಕ್ಕೆ ಆ ಅಡುಗೆ ಆಯ್ಕೆಯಾಗಿತ್ತು. ಈಗ ಅದು ಯಾರದೆಂದು ನಾನು ಲಿಖಿತವಾಗಿ ತಿಳಿಸದಿದ್ದರೆ ಅಡುಗೆಯೂ ಇಲ್ಲ, ಮುಂದಿನ ವರ್ಷ ನಾನೂ ಇಲ್ಲ. ಸ್ಟುಡಿಯೋದಲ್ಲಿ ಒಬ್ಬ ಹುಡುಗ ನನ್ನ ಹಿಂದೆ "ಕದ್ದ ಭಜ್ಜಿ ಮೇಡಂ ಬಂದ್ರು" ಎಂದದ್ದು ನನಗೆ ಕೇಳಿಸಿತು. ನನ್ನ ಕಿವಿ ಸರಿ ಇವೆ.

ಸೂಪಿನ ಮಹಾಶಯನ ಬಗ್ಗೆ ನೀವು ಬರೆದದ್ದು ಓದಿ ನಗು ಬಂತು. ಆದರೆ ಅತ್ತೆ, ಅವ್ವ ಇಲ್ಲವೆಂದು ನೀವು ಯಾಕೆ ಬೇಸರಪಡುತ್ತೀರಿ? ಈ ಧಂದೆಯಲ್ಲಿ ಎಲ್ಲರಿಗೂ ಒಬ್ಬ ಅಜ್ಜಿ ಇದ್ದಾಳೆ. ಪ್ರತಿ ಕಂತಿಗೆ ಒಬ್ಬಳು ಬರುತ್ತಾಳೆ, ಅವಳ ಕೈಬಳೆಯ ಸದ್ದಿಗೆ ಹಿನ್ನೆಲೆ ಸಂಗೀತ ಬೇರೆ. ಅದು ಸಾಕಾಗಿಯೇ ನಾನು 'ನನ್ನದು' ಎಂದೆ.

ನನಗೆ ಒಂದು ಹೊಲವೂ ಇಲ್ಲ.

ನಿಮ್ಮನ್ನು ಒಂದು ಕೇಳಬೇಕು. ಇದು ಜಗಳಕ್ಕಲ್ಲ, ಅಡುಗೆಯವಳಾಗಿ ಕೇಳುವುದು. ನಿಮ್ಮ ತಾಯಿಯವರು ರೊಟ್ಟಿಯ ಚೂರು ಯಾವಾಗ ಹಾಕುತ್ತಿದ್ದರು? ಕುದಿಯುವಾಗಲೇ, ಇಳಿಸಿದ ಮೇಲೆಯೇ? ಬಿಸಿ ರೊಟ್ಟಿಯೇ, ಹಿಂದಿನ ದಿನದ ಕಟಿ ರೊಟ್ಟಿಯೇ? ನನ್ನ ಚೂರು ಪ್ರತಿ ಸಲ ಕರಗಿ ಗಂಜಿಯಾಗುತ್ತದೆ. ಟಿವಿಯಲ್ಲಿ ಅದು ಕಾಣುವುದಿಲ್ಲ. ತಿಂದ ನನಗೆ ಗೊತ್ತು.

ಮೂರು ದಿನ ನಮ್ಮವ್ವನ ಹತ್ತಿರ ಇಲ್ಲೇ ಇದ್ದೇನೆ. ಈ ವಿಳಾಸಕ್ಕೇ ಬರೆಯಿರಿ, ಎಲ್ಲಿದ್ದರೂ ನನಗೆ ತಲುಪುತ್ತದೆ.

ಇತಿ,
ರತ್ನಮಾಲಾ


ಬಸವಕಲ್ಯಾಣ
9 ಸೆಪ್ಟೆಂಬರ್ 2024

ಮಾನ್ಯ ರತ್ನಮಾಲಾ ಅವರಿಗೆ,

ಶರಣು. ನಿಮ್ಮ ಕೆಲಸಕ್ಕೆ ಕುತ್ತು ತರುವುದು ನನ್ನ ಉದ್ದೇಶವಾಗಿರಲಿಲ್ಲ. ಸತ್ಯ ಹೊರಬರಲಿ ಎಂಬುದಷ್ಟೇ ಇತ್ತು. ಆ ಸತ್ಯ ಈಗ ನನ್ನ ಮನೆಯಲ್ಲೇ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿದೆ.

ಚೂರು ಯಾವಾಗ ಹಾಕುತ್ತಿದ್ದರೆಂದು ನೀವು ಕೇಳಿದಿರಿ. ಉತ್ತರ ಬರೆಯಲು ಕುಳಿತೆ, ಪೆನ್ನು ಓಡಲಿಲ್ಲ. ನಾನು ಎಂದೂ ಒಲೆಯ ಮುಂದೆ ನಿಂತವನಲ್ಲ. ಸಂಗಮ್ಮನನ್ನು ಕೂಗಿ ಕೇಳಿದೆ.

"ಯಾವ ಚೂರು?" ಎಂದಳು.

"ಭಜ್ಜ್ಯಾಗ ಅವ್ವ ಹಾಕ್ತಿದ್ಳಲ್ಲ, ಸಜ್ಜಿ ರೊಟ್ಟಿ ಚೂರು."

"ನಿಮ್ಮವ್ವ? ನಾ ಲಗ್ನ ಆಗಿ ಬಂದಾಗಿಂದ ಆಕಿ ಹೋಗೋತನಕ ಒಂದೇ ಒಲಿ ಮುಂದ ಕುಂತೀವ್ರಿ. ಒಂದ್ ಎಳ್ಳಮಾಸಿಗೂ ಹಾಕಿಲ್ಲ. ರೊಟ್ಟಿ ಬ್ಯಾರೆ, ಭಜ್ಜಿ ಬ್ಯಾರೆ. ಆಕಿ ಭಜ್ಜಿ ಜರಾ ನೀರೇ ಇರ್ತಿತ್ತು, ಖರೇ ಹೇಳ್ಬೇಕಂದ್ರ."

"ನನಗ ನೆನಪದ."

"ನಿಮಗ ಎಲ್ಲಾ ನೆನಪಿರ್ತದ್ರಿ. ನಿನ್ನಿ ಕನ್ನಡಕ ಎಲ್ಲಿಟ್ಟೀರಿ ಅಂಬೋದೊಂದು ಬಿಟ್ಟು."

ಸಂಗಮ್ಮ ಸುಳ್ಳಾಡುವವಳಲ್ಲ. ನನ್ನ ನಾಲಿಗೆಯೂ ಸುಳ್ಳಾಡುತ್ತಿಲ್ಲ. ಕಣ್ಣು ಮುಚ್ಚಿದರೆ ಆ ಚೂರು ಈಗಲೂ ಬಾಯಿಗೆ ಬರುತ್ತದೆ: ಒಂದು ಬದಿ ಭಜ್ಜಿ ಕುಡಿದು ಮೆತ್ತಗೆ, ಇನ್ನೊಂದು ಬದಿ ಗಟ್ಟಿ, ಮೇಲೆ ಎಳ್ಳು. ನಾನು ತಿಂದದ್ದು ನಿಜ. ತಿಂದದ್ದೆಲ್ಲಿ?

ಶರಣಾರ್ಥಿ,
ಗುರುಲಿಂಗ


ಹೈದರಾಬಾದ
20 ಸೆಪ್ಟೆಂಬರ್ 2024

ಗುರುಲಿಂಗ ಸರ್,

ಒಂದು ಬದಿ ಮೆತ್ತಗೆ, ಒಂದು ಬದಿ ಗಟ್ಟಿ. ಈ ಸಾಲನ್ನು ಇಲ್ಲಿ ನಾನು ಕೆಲಸ ಮಾಡುವ ಹೋಟೆಲಿನ ಅಡುಗೆಮನೆಯಲ್ಲಿ ನಿಂತೇ ಓದಿದೆ. ಅದೇ ಚೂರು. ನನ್ನ ಬಾಯಲ್ಲಿರುವುದೂ ಅದೇ. ಅದನ್ನು ಇಷ್ಟು ಸರಿಯಾಗಿ ಹೇಳಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ನಿಮ್ಮ ದೂರನ್ನು ಹಿಂತೆಗೆದುಕೊಳ್ಳಿ ಎಂದು ಕೇಳುವುದಿಲ್ಲ. ಎಲ್ಲಿ ತಿಂದಿರಿ ಎಂಬುದನ್ನು ಮಾತ್ರ ಹುಡುಕಿರಿ. ಕೊಹಿನೂರಿನಲ್ಲಿ ಕೇಳಲು ಯಾರಾದರೂ ಉಳಿದಿದ್ದಾರೆಯೇ? ಚಾನೆಲ್ಲಿನವರಿಗೆ ಡಿಸೆಂಬರ್ ಮೊದಲ ವಾರದೊಳಗೆ ನಾನು ಹೇಳಬೇಕು.

ರತ್ನಮಾಲಾ


ಬಸವಕಲ್ಯಾಣ
28 ಅಕ್ಟೋಬರ್ 2024

ಮಾನ್ಯ ರತ್ನಮಾಲಾ ಅವರಿಗೆ,

ಶರಣು. ಉತ್ತರ ತಡವಾಯಿತು. ಕೊಹಿನೂರಿಗೆ ಹೋಗಿ ಬಂದು ಬಹಳ ದಿನವಾದವು. ಬರೆಯುವುದಕ್ಕೇ ತಡವಾದದ್ದು.

ನನ್ನ ಅಕ್ಕ ಕಾಶಮ್ಮ ಅಲ್ಲೇ ಇದ್ದಾಳೆ, ಮಗನ ಸಂಸಾರದ ಜೊತೆ. ನಮ್ಮ ಹೊಲವನ್ನೂ ಈಗ ಅವನೇ ಉಳುತ್ತಾನೆ. ನಾನು ಆಟೋ ಇಳಿದು ಅಂಗಳ ಹತ್ತುವಾಗಲೇ ಆಕೆ, "ಏನೋ ಗುರು, ಟಿವಿಯವರ ಮ್ಯಾಲ ಕೇಸ್ ಹಾಕೀಯಂತ?" ಎಂದು ನಕ್ಕಳು. ರೊಟ್ಟಿಯ ಚೂರಿನ ಮಾತು ತೆಗೆದೆ. ಆಕೆ ಕೂಡಲೇ ನಗುವುದನ್ನು ನಿಲ್ಲಿಸಿದಳು.

"ಅದು ಅವ್ವ ಮಾಡಿದ್ದಲ್ಲೋ. ಎಳ್ಳಮಾಸಿ ಮರುದಿನ ಬರ್ತಿತ್ತು."

"ಎಲ್ಲಿಂದ?"

"ಸೋನುಬಾಯಿ ತರ್ತಿದ್ಳು. ನಮ್ಮ ಹೊಲಕ್ಕ ಕೂಲಿಗಿ ಬರ್ತಿದ್ಳಲ್ಲ, ಹರಿಜನವಾಡದಾಕಿ. ಆಕಿಗಿ ಹೊಲ ಎಲ್ಲಿತ್ತು? ತಾ ಕೆಲಸ ಮಾಡೋ ನಾಕೈದು ಹೊಲದಾಗೂ ಭಜ್ಜಿ ಹಾಕ್ತಿದ್ರು. ಎಲ್ಲಾ ಒಯ್ದು ಒಂದೇ ಗಡಿಗ್ಯಾಗ ಸುರುವಿ ಮತ್ತ ಕುದಿಸ್ತಿದ್ಳಂತ. ಅವ್ವಗ ಅದು ಭಾಳ ಸೇರ್ತಿತ್ತು. 'ಸೋನಾ, ನಾಳಿ ಒಂದ್ ಬಟ್ಟಲು ಮರೀಬ್ಯಾಡ' ಅಂತ ತಾನೇ ಕೇಳಾಕಿ. ಮುಚ್ಚಳ ಎಲ್ಲಿಂದ ಬರ್ಬೇಕು, ರೊಟ್ಟಿ ಮುಚ್ಚಿ, ಸೆರಗಿನಾಗ ಹಿಡ್ಕೊಂಡು ಹಿತ್ತಲ ಕಡಿಂದ ಬರ್ತಿದ್ಳು. ಅವ್ವ ದನದ ಕೊಟ್ಟಿಗ್ಯಾಗ ಕುಂತು ತಿಂತಿದ್ಳು. ಅಪ್ಪಗ ಗೊತ್ತಾದ್ರ ಮನಿ ಉಳಿತಿರ್ಲಿಲ್ಲ. ನೀ ಸಣ್ಣಾವ, ಅವ್ವನ ಬೆನ್ನ ಬಿಡ್ತಿರ್ಲಿಲ್ಲ. ನಿನ್ನ ಬಾಯಾಗೂ ಎರಡ್ ತುತ್ತು ಹಾಕ್ತಿದ್ಳು."

"ನಿನಗ?"

"ನಾ ತಿಳದಾಕಿ ಆಗಿದ್ನಲ್ಲ. ನನಗ ಕೊಡ್ಲಿಲ್ಲ."

ಇಷ್ಟೇ ನಡೆದದ್ದು. ಸಂಗಮ್ಮ ನಮ್ಮ ಮನೆಗೆ ಬರುವ ಮೊದಲೇ ಸೋನುಬಾಯಿ ಸಂಸಾರ ಕಟ್ಟಿಕೊಂಡು ಹುಮನಾಬಾದಿಗೆ ಹೋದಳಂತೆ. ಅದಕ್ಕೇ ಸಂಗಮ್ಮ ಆ ಚೂರನ್ನು ಕಂಡಿಲ್ಲ.

ನಿಮ್ಮ ಅಡುಗೆಗೆ ಐದು ಹೊಲದ ಭಜ್ಜಿ ಎಂಬ ಹೆಸರು ಹೇಗೆ ಬಂತೆಂದು ಈಗ ಯೋಚಿಸುತ್ತಿದ್ದೇನೆ. ಸೋನುಬಾಯಿಯ ಮನೆಯವರು ನಿಮಗೆ ಪರಿಚಯವೆ? ಇಲ್ಲದಿದ್ದರೆ ಅಲ್ಲಿ ವಿಚಾರಿಸಬಹುದೆ?

ವಾದವನ್ನು ಮುಗಿಸುವ ದಾರಿಯೊಂದು ನನಗೆ ಹೊಳೆದಿದೆ. ಐದು ಮನೆಯ ಕೈ ಸೇರಿದ ಅಡುಗೆ ನಮ್ಮ ತಾಯಿಯದಲ್ಲ, ನಿಮ್ಮದೂ ಅಲ್ಲ, ಸೋನುಬಾಯಿಯದೆಂದೂ ಹೇಳಲಾಗದು. ಗ್ರಂಥಾಲಯದಲ್ಲಿ ಇಂಥ ಕೃತಿಗಳಿಗೆ ಲೇಖಕರ ಜಾಗದಲ್ಲಿ 'ಜನಪದ' ಎಂದು ಬರೆಯುತ್ತಿದ್ದೆವು. ನೀವು ಚಾನೆಲ್ಲಿಗೆ ಹಾಗೆಂದೇ ತಿಳಿಸಿರಿ, ನಾನೂ ಹಾಗೇ ಬರೆಯುತ್ತೇನೆ. ಯಾರಿಗೂ ನಷ್ಟವಿಲ್ಲ.

ಶರಣಾರ್ಥಿ,
ಗುರುಲಿಂಗ


ಹುಮನಾಬಾದ
10 ನವೆಂಬರ್ 2024

ಗುರುಲಿಂಗ ಅವರಿಗೆ,

ಜೈ ಭೀಮ್.

ವಿಚಾರಿಸಬೇಕಾಗಿಲ್ಲ. ಸೋನುಬಾಯಿ ನನ್ನ ಅಜ್ಜಿ, ನಮ್ಮಪ್ಪನ ತಾಯಿ. ನಿಮ್ಮ ಮೊದಲ ಪತ್ರದಲ್ಲಿ ಕೊಹಿನೂರ ಎಂಬ ಹೆಸರು ಕಂಡದ್ದಕ್ಕೇ ನಾನು ಉತ್ತರಿಸಿದ್ದು. ಇಲ್ಲದಿದ್ದರೆ ವಾರಕ್ಕೆ ಅಂಥ ಪತ್ರ ಎಷ್ಟೋ ಬರುತ್ತವೆ.

ಹುಮನಾಬಾದಿಗೆ ಬಂದ ಮೇಲೂ ಅಜ್ಜಿ ಸುತ್ತಲಿನ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳು. ಎಳ್ಳಮಾಸಿಯ ಸಂಜೆ ಅವಳು ಬರುವ ದಾರಿ ಕಾಯುತ್ತ ನಾನು ಹೊಸ್ತಿಲಲ್ಲಿ ಕೂತಿರುತ್ತಿದ್ದೆ. ಒಂದು ಹೊಲದ್ದು ಹುಳಿ, ಒಂದರದ್ದು ನೀರು, ಒಂದರದ್ದು ತಳ ಹತ್ತಿದ್ದು, ಒಂದರದ್ದು ಬರೀ ಗಜ್ಜರಿ, ಇನ್ನೊಂದರದ್ದು ಬರೀ ಹಿಟ್ಟು. ಎಲ್ಲವನ್ನೂ ಸುರುವಿ ಕುದಿಸುತ್ತಿದ್ದಳೆಂದು ನಿಮ್ಮ ಅಕ್ಕ ಹೇಳಿದರಲ್ಲ, ಅವರು ನೋಡಿದವರಲ್ಲ. ಅಜ್ಜಿ ಸುರುವುತ್ತಿರಲಿಲ್ಲ. ಬೆರಳದ್ದಿ ಒಂದೊಂದನ್ನೂ ನಾಲಿಗೆಗೆ ಹಚ್ಚುತ್ತಿದ್ದಳು. ಹುಳಿಯದಕ್ಕೆ ನೀರಿನದನ್ನು ಎಷ್ಟು ಬೇಕೋ ಅಷ್ಟೇ ಬೆರೆಸುತ್ತಿದ್ದಳು. ತಳ ಹತ್ತಿದ್ದನ್ನು ಮೇಲಿಂದ ಮಾತ್ರ ತೆಗೆದು ಉಳಿದದ್ದನ್ನು ಎಮ್ಮೆಗೆ ಇಡುತ್ತಿದ್ದಳು. ಬೆಳ್ಳುಳ್ಳಿ ಜಜ್ಜಿ ಹಾಕಿ, ಒಲೆಯಿಂದ ಕೆಂಡ ಹಿಂದೆ ಸರಿಸಿ, ಸಣ್ಣ ಉರಿಯಲ್ಲಿ ಬಿಡುತ್ತಿದ್ದಳು. ಐದು ಕೆಟ್ಟ ಭಜ್ಜಿಯಿಂದ ಒಂದು ಒಳ್ಳೆಯ ಭಜ್ಜಿ. ನಿಮ್ಮ ತಾಯಿಯವರು ತಮ್ಮ ಭಜ್ಜಿಯನ್ನು ಕೊಟ್ಟು, ಮರುದಿನ ಇದನ್ನು ಯಾಕೆ ಕೇಳುತ್ತಿದ್ದರು? ಅವರ ನಾಲಿಗೆಗೆ ವ್ಯತ್ಯಾಸ ಗೊತ್ತಿತ್ತು.

ನಿಮ್ಮ 'ಜನಪದ' ನನಗೆ ಬೇಡ. ಟಿವಿಯವಳು ಮಾಡಿದಾಗ ಅದು ಕಳವು. ನಿಮ್ಮ ತಾಯಿ ಮಾಡಿದ್ದು ಎನ್ನುವಾಗ ಲೋಕದಲ್ಲಿ ಒಂದೇ ಮನೆಯದು. ನಮ್ಮಜ್ಜಿ ಮಾಡಿದ್ದೆಂದು ಗೊತ್ತಾದ ಕೂಡಲೇ ಅದು ಎಲ್ಲರದು. ಇಷ್ಟು ಬೇಗ ಲೇಖಕರ ಹೆಸರನ್ನು ಯಾವ ಗ್ರಂಥಾಲಯದಲ್ಲಿ ಅಳಿಸುತ್ತಾರೆ, ಸರ್?

'ನನ್ನ ಸ್ವಂತ' ಎಂದು ನಾನು ಯಾಕೆ ಹೇಳಿದೆ ಎಂಬುದನ್ನೂ ಕೇಳಿರಿ. ಅಜ್ಜಿ ಹೋದಾಗ ನಾನು ಶಾಲೆಗೆ ಹೋಗುವ ಸಣ್ಣವಳು. ಯಾರೂ ಕಲಿಸಲಿಲ್ಲ ಎಂದದ್ದು ನಿಜ, ನಾಲಿಗೆಯ ನೆನಪಿನಿಂದ ಕಟ್ಟಿದ್ದೇನೆ. ಆದರೆ ಇನ್ನೊಂದು ಕಾರಣವೂ ಇತ್ತು. ಕೂಲಿಗೆ ಹೋದಲ್ಲಿ ಕೊಟ್ಟದ್ದನ್ನು ಕೂಡಿಸಿ ಉಂಡದ್ದು ಇದು ಎಂದು ಆ ಬಿಳಿ ತಟ್ಟೆಯ ಮುಂದೆ ನಿಂತು ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಗಡಿಗೆಯದನ್ನು ಆ ಹೊಲಗಳವರು ಯಾರೂ ಬಾಯಿಗಿಟ್ಟಿಲ್ಲ ಎಂದೇ ನಾನು ತಿಳಿದಿದ್ದೆ. ನಿಮ್ಮ ತಾಯಿ ಕೇಳಿ ತಿನ್ನುತ್ತಿದ್ದರು ಎಂಬ ಮಾತನ್ನು ನಮ್ಮವ್ವ ಎರಡು ಸಲ ಓದಿಸಿದಳು. "ಅತ್ತಿ ಒಂದ್ ದಿನಾನೂ ಹೇಳಿಲ್ಲ ನೋಡು" ಎಂದಳು. ಅದರ ನಂತರ ನನಗೆ ಸಿಟ್ಟು ಬಂತು. ಕೊಟ್ಟಿಗೆಯಲ್ಲಿ ಯಾಕೆ? ಅಜ್ಜಿಯನ್ನು ಎಲ್ಲಿ ಕೂಡಿಸಿದರು? ಬಟ್ಟಲನ್ನು ಯಾರು ತೊಳೆದರು? ಶರಣರ ಊರಿನವರು ನೀವು. ನಿಮ್ಮ ಅಕ್ಕನವರನ್ನು ಕೇಳಿ ಬರೆಯಿರಿ.

ರತ್ನಮಾಲಾ


ಬಸವಕಲ್ಯಾಣ
25 ನವೆಂಬರ್ 2024

ರತ್ನಮಾಲಾ ಅವರಿಗೆ,

ಶರಣು, ಜೈ ಭೀಮ್.

ಅಕ್ಕನನ್ನು ಕೇಳಿದೆ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಕೂಡಿಸೋದೆಲ್ಲಿ? ನಿಂತಿರ್ತಿದ್ಳು. ಅವ್ವ ತಿಂದ ಮ್ಯಾಲ ಬಟ್ಟಲು ಆಕಿನೇ ಒಯ್ದು ತೊಳಕೊಂತಿದ್ಳು." ಇದಕ್ಕೆ ನಾನು ಬಣ್ಣ ಹಚ್ಚುವುದಿಲ್ಲ.

ನಿಮ್ಮ ಪತ್ರವನ್ನು ಸಂಗಮ್ಮನಿಗೆ ಓದಿದೆ. 'ಐದು ಕೆಟ್ಟ ಭಜ್ಜಿ' ಎಂಬಲ್ಲಿ ಆಕೆ, "ನೀರಿಂದು ನಿಮ್ಮವ್ವಂದೇ ಇರ್ಬೇಕು, ನಾ ಹೇಳಿಲ್ಲೇನ್ರಿ?" ಎಂದಳು. ಜನಪದದ ಮಾತಿಗೆ ಬಂದಾಗ ನನ್ನ ಮುಖ ನೋಡಿದಳು.

ಚಾನೆಲ್ಲಿನವರಿಗೆ ಬರೆದದ್ದರ ಪ್ರತಿ ಕೆಳಗಿದೆ.

'ಮಾನ್ಯರೇ, ಆಗಸ್ಟ್ ತಿಂಗಳಲ್ಲಿ ನಾನು ಕಳಿಸಿದ ದೂರು ತಪ್ಪು. ಐದು ಹೊಲದ ಭಜ್ಜಿಯನ್ನು ಮಾಡಿದವರು ಕೊಹಿನೂರಿನ ಸೋನುಬಾಯಿ. ಅದನ್ನು ನಾನು ಚಿಕ್ಕಂದಿನಲ್ಲಿ ತಿಂದಿದ್ದೇನೆ, ನನ್ನ ತಾಯಿ ಪ್ರತಿ ವರ್ಷ ಕೇಳಿ ತರಿಸಿಕೊಂಡು ತಿಂದಿದ್ದಾರೆ. ಅದನ್ನು ತಮ್ಮ ನಾಲಿಗೆಯ ನೆನಪಿನಿಂದ ಮತ್ತೆ ಕಟ್ಟಿದವರು ಅವರ ಮೊಮ್ಮಗಳು ರತ್ನಮಾಲಾ. ಇದರಲ್ಲಿ ಕಳವು ಏನಾದರೂ ನಡೆದಿದ್ದರೆ ಅದು ನನ್ನಿಂದ ನಡೆದದ್ದು, ಆಗಸ್ಟ್ ಹನ್ನೆರಡರಂದು.'

ಎಷ್ಟು ಹೇಳಬೇಕು, ಏನು ಹೇಳಬೇಕು ಎಂಬುದು ಇನ್ನು ನಿಮಗೆ ಬಿಟ್ಟದ್ದು.

ಗುರುಲಿಂಗ


ಹುಮನಾಬಾದ
15 ಡಿಸೆಂಬರ್ 2024

ಗುರುಲಿಂಗ ಸರ್,

ಜೈ ಭೀಮ್. ಚೂರಿನ ಗುಟ್ಟು ಸಿಕ್ಕಿತು!

ಅದು ನಿಮ್ಮ ಅಕ್ಟೋಬರಿನ ಪತ್ರದಲ್ಲೇ ಇತ್ತು. ಸಿಟ್ಟಿನಲ್ಲಿ ನಾನು ದಾಟಿಹೋಗಿದ್ದೆ, ನೀವೂ ಬರೆದು ಮುಂದೆ ಹೋಗಿದ್ದಿರಿ. 'ಮುಚ್ಚಳ ಎಲ್ಲಿಂದ ಬರ್ಬೇಕು, ರೊಟ್ಟಿ ಮುಚ್ಚಿ.' ಮೊನ್ನೆ ರೈಲಿನಲ್ಲಿ ಮತ್ತೆ ಓದುವಾಗ ನೆಟ್ಟಗೆ ಕೂತೆ. ನಮ್ಮ ಮನೆಯ ಗಡಿಗೆಗೂ ಮುಚ್ಚಳವಿರಲಿಲ್ಲ. ಮನೆಗೆ ಬಂದವಳೇ ಅವ್ವನಿಂದ ದಪ್ಪ ಸಜ್ಜೆ ರೊಟ್ಟಿ ತಟ್ಟಿಸಿದೆ, ಭಜ್ಜಿ ಕುದಿಸಿ ಒಲೆ ಆರಿಸಿ ಅದನ್ನು ಮೇಲೆ ಮುಚ್ಚಿದೆ. ಹಬೆಗೆ ಕೆಳಬದಿ ಮೆತ್ತಗಾಯಿತು, ಮೇಲ್ಬದಿ ಗಟ್ಟಿಯಾಗಿಯೇ ಉಳಿಯಿತು. ಅದನ್ನು ಮುರಿದು ಹಾಕಿದರೆ, ಅದೇ. ಅದೇ ಚೂರು. ಅವ್ವ ಒಂದು ತುತ್ತು ತಿಂದು, "ಇದು ಮುಚ್ಚಳದ ರೊಟ್ಟಿ ಅಲ್ಲೇನ, ನೀ ಕೇಳಿದ್ರ ಹೇಳ್ತಿದ್ನಲ್ಲ" ಎಂದಳು. ಇಷ್ಟು ವರ್ಷ ಅವ್ವನನ್ನು ನಾನು ಕೇಳಿಯೇ ಇಲ್ಲ! ಯಾರೂ ಕಲಿಸಿಲ್ಲ ಎಂಬ ಜಂಬ.

ವರ್ಷಾಂತ್ಯದ ಕಾರ್ಯಕ್ರಮದ ಚಿತ್ರೀಕರಣ ಮುಗಿಯಿತು. ನಿರ್ದೇಶಕರು, "ಮೇಡಂ, ಅಜ್ಜಿಯ ಪಾರಂಪರಿಕ ಅಡುಗೆ ಎಂದರೆ ಸಾಕು, ಕೂಲಿ ಗೀಲಿ ಬೇಡ, ಹಬ್ಬದ ದಿನ ಜನ ನೋಡ್ತಾರೆ" ಎಂದರು. ನಾನು ಎಲ್ಲವನ್ನೂ ಹೇಳಿದೆ. ಏನು ತೋರಿಸುತ್ತಾರೋ ಇಪ್ಪತ್ತೆಂಟರಂದು ನೋಡಿರಿ.

ಇನ್ನೊಂದು ಮಾತು. ಇಷ್ಟು ಸಲ ಮಾಡಿದ್ದೇನೆ, ಎಲ್ಲವೂ ಒಂದೇ ಕೈಯ ಭಜ್ಜಿ. ಬೇರೆ ಬೇರೆ ಮನೆಯದನ್ನು ಕೂಡಿಸಿ ಒಮ್ಮೆಯೂ ಮಾಡಿಲ್ಲ. ಎಳ್ಳಮಾಸಿಗೆ ಊರಲ್ಲೇ ಇರುತ್ತೇನೆ. ಮಂಠಾಳ, ಮುಡಬಿ ಕಡೆಯ ಮೂವರು ಗೆಳತಿಯರಿಗೆ ಹೇಳಿದ್ದೇನೆ, ಪಕ್ಕದ ಮನೆಯ ತಹಸೀನ್ ಕೂಡ ತನ್ನ ಮಾವನ ಹೊಲದಲ್ಲಿ ಮಾಡಿಸಿ ತರುತ್ತಾಳೆ. ನಾಲ್ಕಾದವು. ಐದನೆಯದು ಕೊಹಿನೂರಿನ ನಿಮ್ಮ ಹೊಲದ್ದಾಗಲಿ. ಅಜ್ಜಿಗೆ ಕೊಟ್ಟದ್ದು ಬರುತ್ತಿತ್ತು. ನಾನು ಕೇಳಿ ತರಿಸುತ್ತಿದ್ದೇನೆ.

ನೀರಾಗಿದ್ದರೂ ಪರವಾಗಿಲ್ಲ.

ರತ್ನಮಾಲಾ


ಬಸವಕಲ್ಯಾಣ
1 ಜನವರಿ 2025

ರತ್ನಮಾಲಾ ಅವರಿಗೆ,

ಶರಣು, ಜೈ ಭೀಮ್.

ಇಪ್ಪತ್ತೆಂಟರಂದು ನಾವಿಬ್ಬರೂ ಟಿವಿ ಮುಂದೆ ಕೂತಿದ್ದೆವು. ಪರದೆಯ ಮೇಲೆ 'ಸೋನುಬಾಯಿ, ಕೊಹಿನೂರ' ಎಂಬ ಹೆಸರು ಬಂದಾಗ ಸಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಆದರೆ ನಿಮ್ಮ ಮಾತಿನ ನಡುವೆ ಕತ್ತರಿ ಆಡಿದೆ. 'ನಮಗೆ ಹೊಲವಿರಲಿಲ್ಲ' ಎಂದಿರಿ, ಮರುಕ್ಷಣವೇ ಹಿನ್ನೆಲೆ ಸಂಗೀತ, ಕೈಬಳೆ ಸದ್ದು. ಕೂಲಿ ಎಲ್ಲಿ? ಐದು ಹೊಲ ಯಾರವು? ಬೆರಳದ್ದಿ ರುಚಿ ನೋಡಿದ್ದೆಲ್ಲಿ? ಚಾನೆಲ್ಲಿಗೆ ಮೂರು ಪುಟ ಬರೆದಿದ್ದೇನೆ. ಈ ಸಲ ಪ್ರತಿಯನ್ನು ನಿಮಗೆ ಕಳಿಸುತ್ತಿದ್ದೇನೆ.

ಎಳ್ಳಮಾಸಿಯ ಭಜ್ಜಿಯನ್ನು ಹೊಲದಲ್ಲಿ ಸಂಗಮ್ಮನೇ ಮಾಡಿದಳು. ಗಜ್ಜರಿ ಹೆಚ್ಚಿದ್ದು ನಾನು. ದಪ್ಪ ಆಯಿತೆಂದು ಬೈಸಿಕೊಂಡೆ. ನಿಮಗೆ ಕಳಿಸುವ ಡಬ್ಬಿ ತುಂಬುವಾಗ ಅಕ್ಕ ಬಂದು ಪಕ್ಕದಲ್ಲಿ ಕೂತಳು. "ಜರಾ ಮ್ಯಾಲಿನದು ಹಾಕು, ತಳದ್ದು ಬ್ಯಾಡ" ಎಂದಳು.

ನಿನ್ನೆ ಸಂಜೆ ಬಸ್ಸಿನ ಕಂಡಕ್ಟರು ಬಟ್ಟೆ ಕಟ್ಟಿದ ಬೋಗುಣಿಯನ್ನು ನನ್ನ ಕೈಗೆ ಕೊಡುತ್ತ, "ಏನ್ರಿ ಸರ್, ಯಾರ್ರಿ ಇದು, ರೊಟ್ಟಿ ಮುಚ್ಚಿ ಕಳಸ್ಯಾರ? ದಾರಿ ತುಂಬ ಹಸಿವಿ ಆಯ್ತು ನೋಡ್ರಿ" ಎಂದ. ಅಂಚು ತಗ್ಗಾದ ಹಳೆಯ ಅಲ್ಯುಮಿನಿಯಂ ಬೋಗುಣಿ, ನಾವು ಜರ್ಮನ್ ಎನ್ನುವುದು. ನಿಮ್ಮ ಅಜ್ಜಿಯದೇ ಎಂದು ಚೀಟಿಯಲ್ಲಿ ಬರೆದಿದ್ದೀರಿ. ಅಕ್ಕನನ್ನು ಹೊಲದಿಂದ ನಮ್ಮ ಜೊತೆ ಇಲ್ಲಿಗೇ ಕರೆತಂದಿದ್ದೆವು. ಅವಳು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಅಡುಗೆಮನೆಯಲ್ಲಿ ಮೂವರೂ ಕೂತೆವು. ಸಂಗಮ್ಮ ಮುಚ್ಚಳ ಮುರಿದು ಹಾಕಿದಳು. ನಾನು ಏನು ತಿಂದೆನೆಂದು ಬರೆಯಲು ಹೋಗುವುದಿಲ್ಲ, ನಿಮಗೆ ಗೊತ್ತಿದೆ. ಅಕ್ಕನಿಗೆ ಇದು ಮೊದಲ ಸಲ. ತುತ್ತು ನುಂಗಿ ಇನ್ನೊಂದು ಚೂರು ಎತ್ತಿಕೊಂಡಳು.

"ಅವ್ವ ಸುಮ್ಕೆ ಕೇಳ್ತಿರ್ಲಿಲ್ಲ ಬಿಡು" ಎಂದಳು. ಆಮೇಲೆ, "ಉಪ್ಪು ಜರಾ ಕಮ್ಮಿ ಅದ. ಹೇಳು ಆ ಹುಡುಗಿಗಿ. ಬಂದ್ರ ಇಲ್ಲೇ ಒಲಿ ಮುಂದ ಕುಂದ್ರು ಅನ್ನು, ನಾನೇ ಹೇಳ್ತೀನಿ."

ಅವಳು ಹೇಳಿದ್ದನ್ನು ಬರೆದಿದ್ದೇನೆ. ಬರುವುದು, ಬಿಡುವುದು ನಿಮ್ಮ ಇಷ್ಟ.

ಬೋಗುಣಿಯನ್ನು ಇದೇ ಬಸ್ಸಿಗೆ ಕಳಿಸುತ್ತಿದ್ದೇನೆ. ತೊಳೆದವನು ನಾನು. ಖಾಲಿ ಕಳಿಸಬಾರದೆಂದು ಸಂಗಮ್ಮ ಶೇಂಗಾ ಹೋಳಿಗೆ ಇಟ್ಟಿದ್ದಾಳೆ. ಮುಚ್ಚಳವನ್ನು ಮಾತ್ರ ಮರಳಿಸಲು ಆಗುತ್ತಿಲ್ಲ, ಅದನ್ನು ನಾವು ತಿಂದುಬಿಟ್ಟೆವು.

ನಿಮ್ಮ,
ಗುರುಲಿಂಗ